ಅತಿಪುಷ್ಟ

ಜೂನ್ 24, ಮಂಗಳವಾರ

ಇವತ್ತು ಏಳನೇ ತರಗತಿಯ ಮಕ್ಕಳ ಎತ್ತರ, ತೂಕ ಅಳೆದು ಮುಗಿಯಿತು. ಇನ್ನು ಎಂಟು, ಒಂಬತ್ತು ಉಳಿದಿವೆ. ಎತ್ತರಕ್ಕೆ ಗೋಡೆಗೆ ಅಂಟಿಸಿದ ಟೇಪು. ತೂಕಕ್ಕೆ ಪಿ.ಟಿ. ಮಾಸ್ತರು ದರ್ಶನ ಸರ್ ತಮ್ಮ ಮನೆಯಿಂದ ತಂದ ಯಂತ್ರ. ಒಬ್ಬರು ಹತ್ತಿ ಇಳಿದರೆ ಮುಳ್ಳು ಸೊನ್ನೆಗೆ ಮರಳುವುದಿಲ್ಲ, ಪಕ್ಕಕ್ಕೊಂದು ಪೆಟ್ಟು ಕೊಡಬೇಕು. ಅವರು ಪೆಟ್ಟು ಕೊಡುವುದು, ನಾನು ಬರೆದುಕೊಳ್ಳುವುದು. ಕನ್ನಡ ಎಂ.ಎ. ಮಾಡಿದ್ದು ಇದಕ್ಕೆ.

ಎಲ್ಲ ಆ ಡಾಕ್ಟರರಿಂದ. ಶಾಲೆ ಶುರುವಾದ ವಾರ ಯಲ್ಲಾಪುರದಿಂದ ಬಂದು ಮಾತಾಡಿ ಹೋದರು. ಮಕ್ಕಳಲ್ಲಿ ಬೊಜ್ಜು ಹೆಚ್ಚುತ್ತಿದೆ, ಮೊದಲು ಅಳೆಯಿರಿ, ಮನೆಗೆ ತಿಳಿಸಿ, ಆಟ ಆಡಿಸಿ, ಊಟದ ಡಬ್ಬಿಯಲ್ಲಿ ಏನಿದೆ ನೋಡಿ. ಸರಿಯಾಗಿಯೇ ಹೇಳಿದರು. ಹೆಡ್‌ಮಾಸ್ತರು ಜಟ್ಟಪ್ಪ ಸರ್ ಅದೇ ವೇದಿಕೆಯ ಮೇಲೆ ನನ್ನನ್ನು ಸಂಚಾಲಕಿ ಎಂದು ಘೋಷಿಸಿಬಿಟ್ಟರು. ಕೆಳಗೆ ಕೂತಿದ್ದ ನನಗೆ ಗೊತ್ತಾಗಿದ್ದೂ ಆಗಲೇ. ಆಮೇಲೆ ಎಲ್ಲರಿಗೂ ಶಿರಾ, ಖಾರಾ. ಡಾಕ್ಟರರು ಮುಟ್ಟಲಿಲ್ಲ. ಅವರ ಪಾಲನ್ನು ಸ್ಟಾಫ್‌ರೂಮಿನಲ್ಲಿ ಹಂಚಿಕೊಂಡೆವು... ನಾನೂ.

ಭೂಮಿಕಾ ಸಾಲಿನ ಕೊನೆಗೆ ನಿಂತಿದ್ದಳು. ಹುಲಗೋಳದ ಕಡೆಯಿಂದ ವ್ಯಾನಿನಲ್ಲಿ ಬರುವ ಹುಡುಗಿ. ಹನ್ನೆರಡು ವರ್ಷ, ಐವತ್ತಾರು ಕಿಲೋ. ಯಂತ್ರ ಮುರಿಯುತ್ತದೆ ಎಂದು ಹುಡುಗರು ಹಲ್ಲು ಕಿರಿದರು. ಅವರಿಗಿಂತ ಮೊದಲು ಅವಳೇ ನಕ್ಕಿದ್ದಳು. ಹೀಗೆ ಮೊದಲೇ ನಕ್ಕುಬಿಡುವುದನ್ನು ಯಾವಾಗ ಕಲಿತಳೋ. ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿ ಇದೆ. ಕೊಳೆಯಲ್ಲ. ಡಾಕ್ಟರರು ಪರದೆಯ ಮೇಲೆ ಇಂಥದ್ದೇ ತೋರಿಸಿದ್ದರು. ಇದು ಕಂಡರೆ ರಕ್ತದ ಸಕ್ಕರೆ ನೋಡಿಸಿ ಎಂದಿದ್ದರು.

ಕೆಳಗಿಳಿದವಳು, "ಅಕ್ಕೋರೇ, ಪಾಸಾ?" ಎಂದು ಕೇಳಿದಳು. ತಮಾಷೆಗೆ ಇರಬೇಕು. ಇರಲಿಕ್ಕಿಲ್ಲವೇನೋ.


ಜೂನ್ 27, ಶುಕ್ರವಾರ, ಸಂಜೆ

ಕಾರ್ಡಿಗೆ ಶಬ್ದ ಬೇಕು. ಡಾಕ್ಟರರು ಕೊಟ್ಟ ಪಟ್ಟಿ ಇಂಗ್ಲಿಷಿನಲ್ಲಿದೆ. ಮನೆಯವರು ಓದುವಂತೆ ಕನ್ನಡದಲ್ಲಿ ಮಾಡಿ, ನೀವಿದ್ದೀರಲ್ಲ ಎಂದರು ಜಟ್ಟಪ್ಪ ಸರ್. ನಾಲ್ಕು ಶಬ್ದ ಸಾಕು. ತೂಕ ಕಡಿಮೆ ಇದ್ದವರಿಗೊಂದು, ಸರಿ ಇದ್ದವರಿಗೊಂದು, ಹೆಚ್ಚಿದ್ದವರಿಗೊಂದು, ತೀರ ಹೆಚ್ಚಿದ್ದವರಿಗೊಂದು.

ಮೊದಲ ಎರಡು ಕೂಡಲೇ ಸಿಕ್ಕವು. ಕೃಶ, ಸಾಮಾನ್ಯ. ಉಳಿದೆರಡಕ್ಕೆ ಮಧ್ಯಾಹ್ನವೆಲ್ಲ ಹೋಯಿತು. ದಪ್ಪ... ಆ ಮಗು ವ್ಯಾನು ಹತ್ತಿದಲ್ಲಿಂದ ಇಳಿಯುವವರೆಗೆ ಕೇಳುವುದೇ ಅದು. ಬೊಜ್ಜು ಬೈಗುಳವಾಗಿಬಿಟ್ಟಿದೆ. ಸ್ಥೂಲ ಎಂದರೆ "ಸ್ಥೂಲವಾಗಿ ಹೇಳುವುದಾದರೆ" ಎನ್ನುವ ಭಾಷಣಕಾರರ ನೆನಪು. ನಮ್ಮ ಭಾಷೆಯಲ್ಲಿ ಮೈಗೆ ಎಷ್ಟು ಮಾತಿದೆ. ಮೈ ತುಂಬುತ್ತದೆ, ಮೈ ಮರೆಯುತ್ತದೆ, ಮೈ ಜುಮ್ಮೆನ್ನುತ್ತದೆ. ಮೈ ಹೆಚ್ಚಾದರೆ ಮಾತ್ರ ನೋಯದ ಒಂದು ಶಬ್ದ ಇಲ್ಲ.

ಕೊನೆಗೆ ಮನೆಗೆ ಬಂದ ಮೇಲೆ ಹೊಳೆಯಿತು. ಪುಷ್ಟ. ಅತಿಪುಷ್ಟ. ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿದೆ. ಯಾವ ಮಗುವಿನ ಮನಸ್ಸಿಗೂ ಗೀರು ಬೀಳದು. ದಿನಾ ಮಲಗುವ ಮುಂಚೆ ಒಂದು ಕವಿತೆ ಓದುವ ಅಭ್ಯಾಸ ಇಷ್ಟಾದರೂ ಕೆಲಸಕ್ಕೆ ಬಂತಲ್ಲ ಎನಿಸಿತು.

ಅತ್ತೆ ಮುರಿಗೆವ್ವ ಪಡಸಾಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಬನವಾಸಿ ಕಡೆಯವರು, ಶಿರಸಿಗೆ ಬಂದು ಇಷ್ಟು ವರ್ಷವಾದರೂ ಮಾತು ಬದಲಾಗಿಲ್ಲ. "ಹುಡುಗ್ರನ್ನ ಅಡಿಕಿ ವಿಂಗಡಿಸಿದಂಗ ವಿಂಗಡಿಸಾಕ ಹತ್ತೀರೇನ? ಯಾರು ರಾಶಿ, ಯಾರು ಬಿಳೆಗೋಟು?" ಎಂದರು. ರಾಶಿ ಮೇಲಿನ ದರ್ಜೆಯ ಅಡಿಕೆ, ಬಿಳೆಗೋಟು ಕೆಳಗಿನದು. ನಕ್ಕೆ.


ಜುಲೈ 2, ಬುಧವಾರ

ಕಾರ್ಡು ಹಂಚಿದೆವು. ಹಸಿರು ಅಂಚು, ಮೇಲೆ ಶಾಲೆಯ ಲಾಂಛನ. ನೋಡಲು ಚೆನ್ನಾಗಿದೆ. ಪಾಲಕರ ಸಹಿ ಹಾಕಿಸಿಕೊಂಡು ಬನ್ನಿ ಎಂದೆ.


ಜುಲೈ 4, ಶುಕ್ರವಾರ

ಏನು ಬರೆಯಲಿ.

ಬೆಳಿಗ್ಗೆ ಭೂಮಿಕಾ ಸ್ಟಾಫ್‌ರೂಮಿಗೆ ಬಂದಳು. ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ, ಹಲಸಿನ ಹಣ್ಣಿನ ಕಡುಬು, ಮೇಲೆ ತುಪ್ಪ. ಅಜ್ಜಿ ಎಲ್ಲ ಟೀಚರಿಗೂ ಕೊಡಲು ಹೇಳಿದ್ದಾಳಂತೆ. ಯಾಕಮ್ಮ, ಹುಟ್ಟುಹಬ್ಬವೇ ಎಂದು ಕೇಳಿದೆ.

"ಅಲ್ಲ ಅಕ್ಕೋರೇ. ನಾನು ಫಸ್ಟ್ ಬಂದೆ ಅಂತ."

ಯಾವುದರಲ್ಲಿ ಎಂದು ಕೇಳುವಷ್ಟರಲ್ಲಿ ಅರ್ಥವಾಯಿತು. ಅತಿಪುಷ್ಟ ಎಂದು ಬರೆದ ಕಾರ್ಡಿಗೆ ಪ್ಲಾಸ್ಟಿಕ್ ಹಾಕಿಸಿಕೊಂಡು ತಂದಿದ್ದಳು. ಸಹಿಯ ಜಾಗದಲ್ಲಿ ಅಪ್ಪ ಸಂಜಯ, ಅಮ್ಮ ತನುಜಾ, ಕೆಳಗೆ ಅಜ್ಜಿ ದುರ್ಗಿಯ ಹೆಬ್ಬೆಟ್ಟು. ಮೂವರೂ ಒತ್ತಿ ಕಳಿಸಿದ್ದಾರೆ. ಈ ಹುಡುಗಿಯ ಮಾರ್ಕ್ಸ್‌ಕಾರ್ಡಿಗೆ ಒಂದು ಸಹಿ ಬರಬೇಕಾದರೆ ವಾರ ಕಾಯಬೇಕಿತ್ತು.

ಕಡುಬು ತಿಂದೆವು. ತಿನ್ನದೆ ಏನು ಮಾಡುವುದು, ಅವಳು ಎದುರೇ ನಿಂತಿದ್ದಳು.

ಹತ್ತು ಗಂಟೆಗೆ ಶಂಭುಲಿಂಗ ಭಟ್ಟರು. ಆರನೇ ತರಗತಿಯ ಹುಡುಗನೊಬ್ಬನ ಅಪ್ಪ. ಭೈರುಂಬೆಯಿಂದ ಬೈಕಿನಲ್ಲಿ ಇದಕ್ಕೆಂದೇ ಬಂದಿದ್ದಾರೆ. ಕಾರ್ಡನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ತಟ್ಟಿದರು.

"ಎಲ್ಲಾದ್ರಲ್ಲೂ ಎ ಪ್ಲಸ್ ತೆಗೆಯೋ ಮಾಣಿ ಅಕ್ಕೋರೇ ನಮ್ಮದು. ಇದರಲ್ಲಿ ಮಾತ್ರ ಬರೀ ಸಾಮಾನ್ಯ ಹೇಳಿ ಹಾಕಿದ್ರಿ. ಎಂತ ಕಮ್ಮಿ ಆತು?"

ಸಾಮಾನ್ಯವೇ ಒಳ್ಳೆಯದು ಎಂದೆ. ಅವರು ನಂಬಲಿಲ್ಲ. ಸಾಮಾನ್ಯ ಒಳ್ಳೆಯದಾದರೆ ಅದರ ಮೇಲೆ ಇನ್ನೆರಡು ಯಾಕಿವೆ ಎಂದರು. ರೀಚೆಕಿಂಗ್ ಉಂಟೋ ಎಂದು ಕೇಳಿದರು. ಹೋಗುವಾಗ ದನಿ ತಗ್ಗಿಸಿ, "ಇನ್ನೆಷ್ಟು ತಿನ್ಸಿದ್ರೆ ಪುಷ್ಟಕ್ಕೆ ಹೋಗ್ತ?" ಎಂದು ಕೇಳಿದರು. ಗುಟ್ಟಿನಲ್ಲಿ ಹೇಳಿಕೊಡಿ ಎನ್ನುವ ಹಾಗೆ.

ಇನ್ನೊಬ್ಬ ಹುಡುಗ ಕೃಶ ಎಂದರೆ ಕೃಷಿಕರ ಮಗ ಎಂದು ತಿಳಿದುಕೊಂಡಿದ್ದಾನೆ. ನಮಗೆ ಗದ್ದೆ ಇದೆ, ಸರಿಯಾಗೇ ಬರೆದಿದ್ದಾರೆ ಎಂದನಂತೆ ಅವನಪ್ಪ.


ಜುಲೈ 5, ಶನಿವಾರ

ಅತ್ತೆಗೆ ಹೇಳಿದೆ. ಹೇಳಬಾರದಿತ್ತು. ನಗುತ್ತ ನಗುತ್ತ ಕೆಮ್ಮು ಬಂತು ಅವರಿಗೆ. "ಪುಷ್ಟ ಅಂದ್ರ ಛಲೋನ ಅಲ್ಲೇನವಾ? ಮದುವಿ ಮಾತಿನ್ಯಾಗ ಹುಡುಗಿ ಮೈಕೈ ತುಂಬ್ಕೊಂಡಾಳ ಅಂತಾರಲ್ಲ, ಹಂಗ." ಶುಗರ್ ಇರುವ ಮನುಷ್ಯರು. ಮಾತ್ರೆ ನುಂಗಿದ ಮೇಲೆ ಬಾಯಿ ಕಹಿಯಾಯಿತೆಂದು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡರು. ಊರಿಗೆ ಬುದ್ಧಿ ಹೇಳಲು ಹೊರಟವಳು ನಮ್ಮನೆಯ ಬೆಲ್ಲದ ಡಬ್ಬಿಯನ್ನೇ ಮುಚ್ಚಲಾರೆ.

ಅಡಿಕೆಗೆ ದರ್ಜೆ ಹಾಕುವ ಊರು ಇದು. ಅಂಗನವಾಡಿಯಲ್ಲಿ ಅಪೌಷ್ಟಿಕ ಅಪೌಷ್ಟಿಕ ಎಂದು ಎರಡು ತಲೆಮಾರಿಗೆ ಹೇಳಿ ಹೆದರಿಸಿ, ಮೊಟ್ಟೆ ಹಂಚಿ, ಹಿಟ್ಟು ಹಂಚಿ ಬೆಳೆಸಿದ ಊರು. ಆ ಊರಿನವರ ಕೈಗೆ ಪುಷ್ಟ ಎಂಬ ಶಬ್ದ ಕೊಟ್ಟು, ಅದರ ತಲೆಗೆ ಒಂದು ಅತಿ ಅಂಟಿಸಿ, ಇದು ರೋಗ ಎಂದು ತಿಳಿದುಕೊಳ್ಳಿ ಅಂದರೆ... ಯಾರು ತಿಳಿದುಕೊಳ್ಳುತ್ತಾರೆ. ಬೊಜ್ಜು ಎಂದೇ ಬರೆದುಬಿಟ್ಟಿದ್ದರೆ ಒಂದು ದಿನ ಅತ್ತು, ಮರುದಿನ ಡಾಕ್ಟರ ಹತ್ತಿರ ಹೋಗುತ್ತಿದ್ದರೇನೋ.

ನೋಯಿಸಬಾರದೆಂದು ಹೊರಟೆ. ತಿಳಿಸುವುದೇ ಬಿಟ್ಟುಹೋಯಿತು.


ಜುಲೈ 8, ಮಂಗಳವಾರ

ಕಾರ್ಡು ವಾಪಸು ಪಡೆಯೋಣ, ಹೊಸ ಶಬ್ದ ಹಾಕಿ ಕೊಡೋಣ ಎಂದೆ. ಜಟ್ಟಪ್ಪ ಸರ್ ಒಪ್ಪಲಿಲ್ಲ. ಅಚ್ಚಾದದ್ದು ಅಚ್ಚಾಯಿತು, ಆಡಳಿತ ಮಂಡಳಿಯವರ ಕೈಯಿಂದ ಬಿಡುಗಡೆ ಬೇರೆ ಮಾಡಿಸಿದ್ದೇವೆ, ತಪ್ಪಿದೆ ಎಂದರೆ ಶಾಲೆಯ ಮರ್ಯಾದೆ ಏನಾಗಬೇಕು. ಸಿದ್ದಾಪುರದ ಮನುಷ್ಯ, ಮಾತು ಬೆಣ್ಣೆ. "ಶಬ್ದ ಚಂದ ಉಂಟು ಮೇಡಂ, ಅರ್ಥ ನೀವು ಸಭೇಲಿ ಹೇಳಿಬಿಡಿ, ಆಯ್ತಲ್ಲ" ಎಂದರು.

ಆಟದ ಪೀರಿಯಡ್ಡಿನ ವಿಷಯ ಎತ್ತಿದೆ. ವಾರಕ್ಕೆ ಎರಡಿತ್ತು. ಒಂದು ಗಣಿತಕ್ಕೆ ಹೋಗಿದೆ, ಇನ್ನೊಂದರಲ್ಲಿ ಇಂಗ್ಲಿಷ್ ಸ್ಪೀಕಿಂಗ್. ಅದನ್ನಾದರೂ ಬಿಡಿಸಿಕೊಡಿ ಎಂದೆ. ಮಳೆಗೆ ಮೈದಾನ ಗದ್ದೆಯಾಗಿದೆ, ಸೆಪ್ಟೆಂಬರಿಗೆ ನೋಡೋಣ ಎಂದರು. ದರ್ಶನ ಸರ್ ಹಾಲ್‌ನಲ್ಲಿ ಕುಂಟೆಬಿಲ್ಲೆ ಆಡಿಸಬಹುದು ಎಂದು ಬಾಯಿ ತೆಗೆದರು. ಹಾಲ್‌ನಲ್ಲಿ ಹೊಸ ಟೈಲ್ಸ್ ಹಾಕಿಸಿದ್ದೇವೆ, ಗೀರಾಗುತ್ತದೆ ಎಂದರು ಜಟ್ಟಪ್ಪ ಸರ್.

ಬ್ಯಾನರ್ ಮಾತ್ರ ಬರೆಸಲು ಕೊಟ್ಟಾಗಿದೆಯಂತೆ. "ಬೊಜ್ಜುಮುಕ್ತ ಶಾಲೆ." ಅಲ್ಲಿ ಬೊಜ್ಜು ಎಂಬ ಶಬ್ದಕ್ಕೆ ಯಾವ ಅಡ್ಡಿಯೂ ಬರಲಿಲ್ಲ.


ಜುಲೈ 19, ಶನಿವಾರ

ಪಾಲಕರ ಸಭೆ. ಮೊದಲು ಸ್ವಾಗತ, ಆಮೇಲೆ ಮಂಡಳಿಯ ಅಧ್ಯಕ್ಷರ ಮಾತು, ಆಮೇಲೆ ಅವರ ಮಾತನ್ನು ಮೆಚ್ಚಿ ಜಟ್ಟಪ್ಪ ಸರ್ ಮಾತು. ನನಗೆ ಉಳಿದದ್ದು ಹತ್ತು ನಿಮಿಷ. ಚಹಾ ಬಂದುಬಿಟ್ಟಿತ್ತು. ಹಿಂದಿನ ಸಾಲಿನಲ್ಲಿ ಖಾರಾದ ಪೊಟ್ಟಣದ ಸದ್ದು.

ಎದ್ದು ನಿಂತೆ. ಕಾರ್ಡಿನಲ್ಲಿ ನಾಲ್ಕು ಶಬ್ದ ಇವೆ, ಅವುಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಆಗಿದೆ ಎಂದು ಶುರುಮಾಡಿದೆ. ಅಷ್ಟರಲ್ಲಿ ಮಧ್ಯದಿಂದ ಒಬ್ಬ ಹೆಂಗಸು ಎದ್ದರು. ಸಣ್ಣ ಆಳು, ಬಿಳಿ ಕೂದಲು, ಸೆರಗು ಸೊಂಟಕ್ಕೆ. ಭೂಮಿಕಾಳ ಅಜ್ಜಿ ದುರ್ಗಿ. ಒಂದು ಮಾತು ಹೇಳಬೇಕು ಎಂದರು. ಅಧ್ಯಕ್ಷರು ಖುಷಿಯಿಂದ ಮೈಕು ಕೊಡಿಸಿದರು.

"ನಂಗೆ ಮಾತಾಡೂಕೆ ಬರೂದಿಲ್ಲ. ಈ ಹುಡ್ಗಿ ಹುಟ್ದಾಗ ಬೆಕ್ಕಿನ ಮರಿಯಷ್ಟಿತ್ತು. ಅಂಗನವಾಡೀಲಿ ತೂಕ ಹಾಕಿ ಕೆಂಪು ಗೆರೆ ಅಂದ್ರು. ಮನೇಲಿ ಮಗೂಗೆ ಎಂತದೂ ಕೊಡೂದಿಲ್ವಾ ಅಂತ ಎಲ್ಲಾರ ಎದ್ರಿಗೇ ಕೇಳಿದ್ರು. ಅವತ್ತು ತಲೆ ತಗ್ಗಿಸ್ಕಂಡು ಮನೆಗೆ ಬಂದೋಳು ನಾನು. ರಾಗಿ ಹುರ್ದು, ಬೀಸಿ, ಬೆರಳಲ್ಲಿ ನೆಕ್ಕಿಸಿ ಕೆಂಪಿಂದ ಹಳದಿಗೆ ತಂದೆ. ಹಳದಿಯಿಂದ ಹಸಿರಿಗೆ ತಂದೆ. ಇವತ್ತು ಅತಿಪುಷ್ಟ ಅಂತ ನೀವೇ ಬರ್ದು ಕೊಟ್ರಿ. ನಂಗಿಷ್ಟು ಸಾಕು."

ಚಪ್ಪಾಳೆ. ಶಂಭುಲಿಂಗ ಭಟ್ಟರೂ ತಟ್ಟಿದರು. ಭೂಮಿಕಾ ಅಜ್ಜಿಯ ಪಕ್ಕದಲ್ಲಿ ಕೂತಿದ್ದಳು, ಬೆನ್ನು ನೆಟ್ಟಗೆ. ಈ ಹುಡುಗಿ ಬೆನ್ನು ನೆಟ್ಟಗೆ ಮಾಡಿ ಕೂತದ್ದನ್ನು ನಾನು ನೋಡಿರಲಿಲ್ಲ. ನಾನಿನ್ನೂ ನಿಂತೇ ಇದ್ದೆ. ಮುಂದುವರಿಸಿ ಮೇಡಂ ಎಂದರು ಅಧ್ಯಕ್ಷರು.

ಧನ್ಯವಾದ ಎಂದು ಕೂತುಬಿಟ್ಟೆ.

ಸಭೆ ಮುಗಿದ ಮೇಲೆ ಗೇಟಿನ ಹತ್ತಿರ ತನುಜಾಳನ್ನು ಹಿಡಿದೆ. ಭೂಮಿಕಾಳ ಅಮ್ಮ. ಪೇಟೆಯಲ್ಲಿ ಹೊಲಿಗೆ ಅಂಗಡಿಗೆ ಕೆಲಸಕ್ಕೆ ಬರುತ್ತಾಳೆ. ಮಗಳ ಕುತ್ತಿಗೆಯ ಕಪ್ಪಿನ ಬಗ್ಗೆ ಕೇಳಿದೆ. ವಾರಕ್ಕೊಮ್ಮೆ ಕಡಲೆಹಿಟ್ಟು ಹಚ್ಚಿ ತಿಕ್ಕುತ್ತಾಳಂತೆ, ಚರ್ಮ ಕೆಂಪಾಗುವವರೆಗೆ, ಹೋಗುವುದೇ ಇಲ್ಲ. ತಿಕ್ಕಬೇಡ, ರಕ್ತ ಪರೀಕ್ಷೆ ಮಾಡಿಸು ಎಂದು ಕಾರಣ ಹೇಳಿದೆ. ಅವಳಿಗೆ ಒಂದೇ ಮಾತಿಗೆ ಅರ್ಥವಾಯಿತು. ನಿಲ್ಕುಂದದಲ್ಲಿರುವ ಅವಳಪ್ಪನ ಕಾಲಿನ ಬೆರಳು ತೆಗೆದದ್ದು ಶುಗರಿನಿಂದಲೇ. ಪರೀಕ್ಷೆ ಮಾಡಿಸುತ್ತೇನೆ ಎಂದಳು. ನಿನ್ನ ಅತ್ತೆಗೂ ತಿಳಿಸು ಎಂದೆ.

"ಈಗಷ್ಟೇ ಕೇಳಿದ್ರಲ್ಲ ಅಕ್ಕೋರೇ. ಅವ್ರ ಎದ್ರಿಗೆ ನಾನು ಹೇಗೆ ಹೇಳ್ಲಿ? ಮೈಕಲ್ಲಿ ನೀವೇ ಹೇಳ್ಲಿಲ್ಲ."


ಜುಲೈ 29, ಮಂಗಳವಾರ

ತನುಜಾ ಫೋನು ಮಾಡಿದ್ದಳು. ಪರೀಕ್ಷೆ ಆಯಿತು. ಸಕ್ಕರೆ ಗೆರೆಯ ಮೇಲೇ ಇದೆಯಂತೆ. ಇನ್ನೂ ಕಾಯಿಲೆಯಲ್ಲ. ಮಾತ್ರೆ ಬೇಡ, ಈಗ ತಿದ್ದಿಕೊಂಡರೆ ಹಿಂದೆ ಬರುತ್ತದೆ, ಬಿಟ್ಟರೆ ಹತ್ತನೇ ತರಗತಿಗೆ ಬರುವಷ್ಟರಲ್ಲಿ ಮಾತ್ರೆ ಎಂದಿದ್ದಾರೆ. ಅನ್ನ ಅಳತೆಯಲ್ಲಿರಲಿ, ಪಲ್ಯ ಹೆಚ್ಚಿರಲಿ, ಬೇಕರಿಯದ್ದು, ಬಾಟಲಿ ಜ್ಯೂಸು ಬೇಡ, ದಿನಾ ಒಂದು ಗಂಟೆ ಓಡಾಡಲಿ.

ಮಗಳಿಗೆ ಕಾಯಿಲೆ ಇಲ್ಲವಂತೆ ಎಂದಷ್ಟೇ ತನ್ನ ಅತ್ತೆಗೆ ಹೇಳಿದ್ದಾಳೆ. ಅವರು ದೇವರಿಗೆ ತುಪ್ಪದ ದೀಪ ಹಚ್ಚಿ, ಉಳಿದ ತುಪ್ಪವನ್ನು ಮೊಮ್ಮಗಳ ಅನ್ನಕ್ಕೆ ಹಾಕಿದರಂತೆ.

ಸಿಟ್ಟು ಯಾರ ಮೇಲೆ ಮಾಡಿಕೊಳ್ಳಲಿ. ತನುಜಾ ಅತ್ತೆಗೆ ಹೆದರುತ್ತಾಳೆ. ಅಜ್ಜಿ ಕೆಂಪು ಗೆರೆಗೆ ಹೆದರುತ್ತಾರೆ. ಜಟ್ಟಪ್ಪ ಸರ್ ಟೈಲ್ಸಿಗೆ ಹೆದರುತ್ತಾರೆ. ನಾನು... ಒಂದು ಶಬ್ದಕ್ಕೆ.

ಭೂಮಿಕಾಳಿಗೆ ನಾನೇ ಹೇಳಬೇಕು. ಒಬ್ಬಳನ್ನೇ ಕರೆದು, ನಿಧಾನಕ್ಕೆ. ಈ ವಾರವೇ.


ಆಗಸ್ಟ್ 5, ಮಂಗಳವಾರ

ಹೇಳಿಯಾಗಿಲ್ಲ. ಅಲ್ಲ, ಹೇಳಿದ ಹಾಗಾಯಿತು. ಇದಕ್ಕಿಂತ ಕೆಟ್ಟ ರೀತಿ ಇರಲಿಲ್ಲ.

ಮೂರನೇ ಪೀರಿಯಡ್, ಏಳನೇ ತರಗತಿ, ವ್ಯಾಕರಣ. ಉಪಸರ್ಗ. ಶಬ್ದದ ಆರಂಭಕ್ಕೆ ಸೇರಿ ಅರ್ಥವನ್ನೇ ಬದಲಿಸುವವು. ಬೋರ್ಡಿನ ಮೇಲೆ ಪ್ರ, ಉಪ, ಅಪ ಬರೆದು ಅತಿಗೆ ಬಂದೆ. ನನ್ನ ಕೈಯೇ ಬರೆಯಿತು, ತಲೆ ಎಲ್ಲಿತ್ತೋ. ಅತಿವೃಷ್ಟಿ. ಅರ್ಥವನ್ನೂ ವಿವರಿಸಿದೆ. ವೃಷ್ಟಿ ಎಂದರೆ ಮಳೆ, ಮಳೆ ಒಳ್ಳೆಯದೇ. ಅತಿ ಸೇರಿದರೆ ಬೇಕಾದದ್ದಕ್ಕಿಂತ ಹೆಚ್ಚು, ಹಾನಿ ಮಾಡುವಷ್ಟು ಹೆಚ್ಚು. ಪೈರು ಕೊಳೆಯುತ್ತದೆ, ಧರೆ ಕುಸಿಯುತ್ತದೆ. ಇಂಥ ಇನ್ನೊಂದು ಶಬ್ದ ಯಾರು ಹೇಳುತ್ತೀರಿ ಎಂದು ಕೇಳಿದೆ.

ಕೊನೆಯ ಬೆಂಚಿನಿಂದ ಭೂಮಿಕಾ ಕೈ ಎತ್ತಿದಳು. ವ್ಯಾಕರಣದಲ್ಲಿ ಎಂದೂ ಕೈ ಎತ್ತಿದವಳಲ್ಲ.

"ಅತಿಪುಷ್ಟ."

ಹೇಳಿ ಮುಗಿಸಿದಳು, ನಗು ಇನ್ನೂ ಮುಖದ ಮೇಲಿತ್ತು. ಆಮೇಲೆ ಅವಳ ಕಣ್ಣು ಬೋರ್ಡಿಗೆ ಹೋಯಿತು. ಅಲ್ಲಿಂದ ನನ್ನ ಕಡೆ. ಯಂತ್ರ ಮುರಿಯುತ್ತದೆ ಎಂದ ಹುಡುಗರೂ ಬೋರ್ಡನ್ನೇ ನೋಡುತ್ತಿದ್ದರು. ಅವಳ ಬೆನ್ನು ನಿಧಾನವಾಗಿ ಬಾಗಿ ಬೆಂಚಿಗೆ ಬಂತು. ಈ ಸಲ ಅವಳು ಮೊದಲು ನಗಲಿಲ್ಲ.

ಸರಿಯಾದ ಉದಾಹರಣೆ ಎಂದೆ ನಾನು. ಸರಿಯಾದ ಉದಾಹರಣೆ. ಮೇಷ್ಟ್ರಾಗಿ ಇಷ್ಟು ವರ್ಷ ಬದುಕಿದ ನಾಲಿಗೆ, ಬೇರೇನನ್ನು ಹೇಳೀತು.

ಬೆಲ್ ಆದ ಮೇಲೆ ಕರೆದೆ. ವ್ಯಾನು ಬಂತು ಅಕ್ಕೋರೇ ಎಂದು ಹೋದಳು. ಆಗಿನ್ನೂ ಹನ್ನೊಂದೂವರೆ ಗಂಟೆ, ವ್ಯಾನು ಬರುವುದು ಸಂಜೆ.


ಆಗಸ್ಟ್ 7, ಗುರುವಾರ

ಮಧ್ಯಾಹ್ನ ಭೂಮಿಕಾ ಡಬ್ಬಿ ಬಿಚ್ಚಿಲ್ಲ. ಪಕ್ಕದಲ್ಲಿ ಕೂತೆ. ಹಸಿವಿಲ್ಲ ಎಂದಳು. ನನ್ನ ಡಬ್ಬಿಯಿಂದ ಅರ್ಧ ಚಪಾತಿ ಕೊಟ್ಟೆ, ಕೈ ಹಿಂದೆ ಕಟ್ಟಿಕೊಂಡಳು. ನಾನು ಸಿದ್ಧಮಾಡಿಕೊಂಡಿದ್ದ ಮಾತೆಲ್ಲ ಹೇಳಿದೆ. ನೀನು ತಪ್ಪು ಮಾಡಿಲ್ಲ, ತಿನ್ನುವುದು ತಪ್ಪಲ್ಲ, ಏನು, ಎಷ್ಟು ಎಂದು ನೋಡಿಕೊಂಡರೆ ಸಾಕು. ಹೂಂ ಎಂದಳು. ಹೂಂ, ಹೂಂ, ಹೂಂ. ಕೊನೆಗೆ ಕೇಳಿದ್ದು ಒಂದೇ.

"ಕಡುಬು ತಿನ್ನುವಾಗ ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದೆ.


ಆಗಸ್ಟ್ 12, ಮಂಗಳವಾರ

ಪ್ರಾರ್ಥನೆಯಲ್ಲಿ ಭೂಮಿಕಾ ಕಣ್ಣಿಗೆ ಕತ್ತಲೆ ಬಂದು ಕುಸಿದು ಕೂತಳು. ಬೆಳಿಗ್ಗೆ ಏನೂ ತಿಂದಿರಲಿಲ್ಲ. ತನುಜಾ ಅಂಗಡಿಯಿಂದ ಓಡಿ ಬಂದು ಕರೆದುಕೊಂಡು ಹೋದಳು. ಮೂರು ದಿನದಿಂದ ರಾತ್ರಿಯೂ ಹೀಗೇ, ಒಂದು ತುತ್ತು ತಿಂದು ಏಳುತ್ತಾಳಂತೆ. ಡಬ್ಬಿಯದ್ದನ್ನು ದಾರಿಯಲ್ಲಿ ಯಾವುದೋ ದನಕ್ಕೆ ಹಾಕುತ್ತಾಳಂತೆ. ಡಾಕ್ಟರಿಗೆ ಫೋನು ಮಾಡಿದೆ. ಉಪವಾಸ ಇನ್ನೂ ಕೆಟ್ಟದ್ದು, ಹೇಗಾದರೂ ಹೊತ್ತಿಗೆ ಸರಿಯಾಗಿ ಊಟ ಮಾಡಿಸಿ ಎಂದರು. ಹೇಗಾದರೂ ಎನ್ನುವುದು ಹೇಗೆಂದು ಅವರೂ ಹೇಳಲಿಲ್ಲ.

ಜಟ್ಟಪ್ಪ ಸರ್ ಕಾರಿಡಾರಿನಲ್ಲಿ ಸಿಕ್ಕರು. ಆ ಹುಡುಗಿ ಸ್ವಲ್ಪ ಇಳಿದ ಹಾಗೆ ಕಾಣುತ್ತಾಳಲ್ಲ ಮೇಡಂ, ನಿಮ್ಮ ಕಾರ್ಯಕ್ರಮ ಫಲ ಕೊಡುತ್ತಿದೆ ಎಂದರು. ಹೊಡೆಯಬೇಕೆನಿಸಿತು. ನಿಜವಾಗಿ. ಕೈಯಲ್ಲಿ ಡಸ್ಟರ್ ಇತ್ತು.


ಆಗಸ್ಟ್ 15, ಶುಕ್ರವಾರ

ಧ್ವಜಾರೋಹಣ. "ಬೊಜ್ಜುಮುಕ್ತ ಶಾಲೆ" ಬ್ಯಾನರ್ ಗೇಟಿಗೆ ಕಟ್ಟಿದ್ದಾರೆ, ಅದರ ಕೆಳಗೆ ನಿಂತು ತಲೆಗೆ ಎರಡು ಲಡ್ಡು ಹಂಚಿದೆವು. ಬೇಡ, ಈ ಸಲ ಬಾಳೆಹಣ್ಣು ಕೊಡೋಣ ಎಂದಿದ್ದೆ. ಸ್ವಾತಂತ್ರ್ಯ ಬಂದ ದಿನ ಬಾಳೆಹಣ್ಣೇ ಎಂದು ಇಡೀ ಸ್ಟಾಫ್‌ರೂಮು ನಕ್ಕಿತು.

ಭೂಮಿಕಾ ಬಂದಿಲ್ಲ. ಬುಧವಾರದಿಂದ ಬಂದಿಲ್ಲ.

ಸಂಜೆ ತನುಜಾ ಫೋನು. ಅವಳ ಅತ್ತೆಗೆ ಎಲ್ಲ ಗೊತ್ತಾಯಿತಂತೆ. ಮಗಳೇ ಅಜ್ಜಿಯ ಮುಂದೆ ಕಾರ್ಡು ಇಟ್ಟು, ಇದು ಪ್ರೈಜ್ ಅಲ್ಲ ಅಜ್ಜಿ, ಕಾಯಿಲೆಯ ಹೆಸರು ಎಂದಳಂತೆ. ಅಜ್ಜಿ ಆವತ್ತಿನಿಂದ ಒಲೆಯ ಮುಂದೆ ಕೂತು ಒಬ್ಬರ ಹತ್ತಿರವೂ ಮಾತಿಲ್ಲ. ಅಡುಗೆ ಮಾಡುತ್ತಾರೆ. ಹುಡುಗಿ ಮುಟ್ಟುವುದಿಲ್ಲ. ಆರುತ್ತದೆ, ಬಿಸಿ ಮಾಡುತ್ತಾರೆ, ಮತ್ತೆ ಆರುತ್ತದೆ. ಇವತ್ತು ಬಾಯಿ ಬಿಟ್ಟರಂತೆ. ಆ ಅಕ್ಕೋರನ್ನು ಕರೆಸು ಎಂದರಂತೆ.

ಅತ್ತೆ ಮುರಿಗೆವ್ವ ನನ್ನ ಮುಖ ನೋಡಿ, ಏನಾತು ಎಂದರು. ಹೇಳಿದೆ. ಈ ಸಲ ನಗಲಿಲ್ಲ. "ಹೋಗಿ ಬೈಸ್ಕೊಂಡ್ ಬಾ. ಬೈದ್ರ ಅವರಿಗೂ ಹಗುರಾಗತೈತಿ" ಎಂದರು.


ಆಗಸ್ಟ್ 17, ಭಾನುವಾರ

ಬಂದು ಕೈಕಾಲು ತೊಳೆದು ನೇರ ಬರೆಯಲು ಕೂತಿದ್ದೇನೆ.

ಹನ್ನೆರಡರ ಬಸ್ಸಿಗೆ ಹೋದೆ. ಭೂಮಿಕಾಳ ಅಪ್ಪ ಸಂಜಯ ನಿಲ್ದಾಣಕ್ಕೆ ಬಂದಿದ್ದ. ಪಿಕಪ್ ಗಾಡಿ ಓಡಿಸುತ್ತಾನೆ, ಅದರಲ್ಲೇ ಕರೆದೊಯ್ದ. ಮನೆ ಬಂದಾಗ, ಅವ್ವ ಏನಂದರೂ ಬೇಜಾರು ಮಾಡಿಕೊಳ್ಳಬೇಡಿ ಎಂದ.

ಹೊಸ ಕಾಂಕ್ರೀಟಿನ ಮನೆ, ಹಿಂದೆ ಹಳೆಯ ಅಡುಗೆಕೋಣೆಯನ್ನು ಹಾಗೇ ಉಳಿಸಿದ್ದಾರೆ. ಭೂಮಿಕಾ ಗೋಡೆಗೆ ಒರಗಿ ಕೂತಿದ್ದಳು, ತುಟಿ ಒಣಗಿದೆ. ನನ್ನನ್ನು ಕಂಡು ಏಳಲು ಹೋದಳು, ಬೇಡವೆಂದೆ. ಅಜ್ಜಿ ದುರ್ಗಮ್ಮ ಒಲೆಯ ಕಡೆ ಮುಖ ಮಾಡಿ ಕೂತವರು ತಿರುಗಲಿಲ್ಲ.

ನಾನೇ ಶುರುಮಾಡಿದೆ. ಕಾರ್ಡಿಗೆ ಆ ಶಬ್ದ ಆರಿಸಿದವಳು ನಾನು, ಅದು ನಿಮಗೆ ಹೊಗಳಿಕೆಯಾಗಿ ಕೇಳಿಸೀತು ಎಂದು ಹೊಳೆಯಲಿಲ್ಲ, ಹೊಳೆದ ಮೇಲೂ ಸಭೆಯಲ್ಲಿ ಬಾಯಿ ಮುಚ್ಚಿ ಕೂತೆ. ಮಗುವನ್ನು ಕೆಂಪು ಗೆರೆಯಿಂದ ಎತ್ತಿದವರು ನೀವೇ, ಅದರಲ್ಲಿ ಸುಳ್ಳಿಲ್ಲ. ಆದರೆ ಆಗ ಕೊಟ್ಟ ಹಾಗೇ ಈಗಲೂ ಕೊಟ್ಟರೆ ಅವಳಿಗೆ ಆಗುವುದಿಲ್ಲ. ತನುಜಾ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು.

ದುರ್ಗಮ್ಮ ಎದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅನ್ನದ ಪಾತ್ರೆ ಎತ್ತಿ ತಂದು ನನ್ನ ಮುಂದಿಟ್ಟರು. ಪಕ್ಕದಲ್ಲಿ ಬಸಳೆ ಸಾರು, ಬೆಂಡೆಕಾಯಿ ಪಲ್ಯ. ಎರಡು ತಟ್ಟೆ. ಸೌಟನ್ನು ನನ್ನ ಕೈಗೆ ಕೊಟ್ಟರು.

"ಕೆಂಪು ಗೆರೆ ಅಂದ್ರಿ, ಹಾಕಿದೆ. ಅತಿ ಆಯ್ತು ಅಂದ್ರಿ, ಊಟಾನೇ ಬಿಡ್ತು. ನಂಗೆ ಎಷ್ಟು ಅಂತ ತಿಳಿಯೂದಿಲ್ಲ ಈಗ. ನೀವೇ ಬಡ್ಸಿ."

ಕೈಯಲ್ಲಿ ಸೌಟು. ಡಾಕ್ಟರರ ಹಾಳೆ ಬ್ಯಾಗಿನಲ್ಲಿತ್ತು, ಗ್ರಾಮಿನ ಲೆಕ್ಕದಲ್ಲಿ. ಅದನ್ನು ತೆಗೆಯುವ ಮನಸ್ಸಾಗಲಿಲ್ಲ. ಕಡಿಮೆ ಹಾಕಿದರೆ, ನೋಡು, ನೀನು ಅತಿ ಎಂದು ತಟ್ಟೆಯಲ್ಲೇ ಬರೆದ ಹಾಗೆ. ಹೆಚ್ಚು ಹಾಕಿದರೆ ಮತ್ತೊಂದು ಸುಳ್ಳು. ಭೂಮಿಕಾ ತಟ್ಟೆಯನ್ನು ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಇಡೀ ಮನೆ ನನ್ನ ಮುಖವನ್ನೇ ನೋಡುತ್ತಿತ್ತು. ಬದುಕಿನಲ್ಲಿ ಇಷ್ಟು ಕಷ್ಟದ ಪ್ರಶ್ನೆಪತ್ರಿಕೆ ಬಿಡಿಸಿಲ್ಲ.

ಅವಳ ಪಕ್ಕದಲ್ಲೇ ಕೂತೆ. ಮೊದಲು ಪಲ್ಯ, ಎರಡೂ ತಟ್ಟೆಗೆ. ಆಮೇಲೆ ಅನ್ನ, ಒಂದೇ ಒಂದು ಸೌಟು, ಎರಡೂ ತಟ್ಟೆಗೆ. ಸೌಟು ಎತ್ತಿ ಹಿಡಿದೇ ಕೇಳಿದೆ, ನಿನಗೆ ಎಷ್ಟು ಬೇಕು, ನೀನೇ ಹೇಳು. ನಿನ್ನ ಹೊಟ್ಟೆ ನಿನಗೆ ಗೊತ್ತು.

ಅವಳಿಗೆ ಆ ಪ್ರಶ್ನೆ ಅರ್ಥವೇ ಆಗಲಿಲ್ಲ. ಅಜ್ಜಿಯ ಕಡೆ ನೋಡಿದಳು, ಅಮ್ಮನ ಕಡೆ ನೋಡಿದಳು. ಆಗ ತನುಜಾ ಬಾಗಿಲಿನಿಂದ, ಈ ಮನೆಯಲ್ಲಿ ಯಾರೂ ಅವಳನ್ನು ಹಾಗೆ ಕೇಳಿದ್ದಿಲ್ಲ ಅಕ್ಕೋರೇ ಎಂದಳು ಮೆಲ್ಲಗೆ. ಹೌದಲ್ಲ. ನಮ್ಮಲ್ಲಿ ಯಾರ ಮನೆಯಲ್ಲಿ ಕೇಳುತ್ತಾರೆ. ಸಾಕು ಎಂದು ಕೈ ಅಡ್ಡ ಹಿಡಿದರೆ ಬೆರಳಿನ ಸಂದಿಯಿಂದ ಇನ್ನೊಂದು ಸೌಟು ಸುರಿಯುವುದೇ ಉಪಚಾರ. ಸಾಕು ಎಂದರೆ ಸಂಕೋಚ ಎಂದು ತಿಳಿಯುವ ಜನ ನಾವು. ನನ್ನ ಅತ್ತೆ ನನಗೆ ಹಾಗೇ ಬಡಿಸುತ್ತಾರೆ, ನಾನು ನೆಂಟರಿಗೆ ಹಾಗೇ ಬಡಿಸುತ್ತೇನೆ.

ಉಣ್ಣಲು ಶುರುಮಾಡಿದೆ. ಅವಳು ಪಲ್ಯ ತಿಂದಳು. ಆಮೇಲೆ ಸಾರು ಕಲೆಸಿ ಒಂದು ತುತ್ತು, ಇನ್ನೊಂದು ತುತ್ತು. ಎಷ್ಟೋ ದಿನದ ಹಸಿವು. ತಟ್ಟೆ ಖಾಲಿಯಾದಾಗ ತಲೆ ಎತ್ತದೆ ಹೇಳಿದಳು.

"ಇನ್ನೊಂಚೂರು."

ಹಾಕಿದೆ. ಚೂರೇ. ಅದನ್ನೂ ಉಂಡಳು, ಅವಸರ ಇಲ್ಲದೆ. ಕೊನೆಯ ಅಗುಳನ್ನು ಬೆರಳಿನಿಂದ ಒಟ್ಟು ಮಾಡಿ ಬಾಯಿಗಿಟ್ಟು, ನೀರು ಕುಡಿದು, ತಟ್ಟೆಯ ಮೇಲೆ ಅಂಗೈ ಮುಚ್ಚಿದಳು.

"ಸಾಕು."

ದುರ್ಗಮ್ಮ ಅಷ್ಟರಲ್ಲಿ ನನ್ನ ಕೈಯಿಂದ ಸೌಟು ತೆಗೆದುಕೊಂಡಾಗಿತ್ತು. ಹನ್ನೆರಡು ವರ್ಷದ ಅಭ್ಯಾಸ. ಸೌಟು ಪಾತ್ರೆಗೆ ಹೋಯಿತು, ತುಂಬಿ ಮೇಲೆ ಬಂತು, ಮೊಮ್ಮಗಳ ಅಂಗೈಯ ಮೇಲಕ್ಕೆ ಬಂತು. ಭೂಮಿಕಾ ಕೈ ತೆಗೆಯಲಿಲ್ಲ. ಅಜ್ಜಿಯನ್ನೇ ನೋಡುತ್ತಿದ್ದಳು. ಅನ್ನದ ಹಬೆ ಅವಳ ಬೆರಳಿಗೆ ತಾಗುವಷ್ಟು ಹತ್ತಿರ. ತನುಜಾ "ಅತ್ತೇ" ಎಂದಳು. ದುರ್ಗಮ್ಮನ ಕೈ ಅಲ್ಲೇ, ಗಾಳಿಯಲ್ಲೇ ನಿಂತಿತು.